ಚೌಕಿಪೇಟೆಯ ಮ್ಯಾಚಿಂಗ್ ಸೆಂಟರ್: ಎರಡು ದೀಪಕ್ಕೆ ಪೂರ್ತಿ ಅಂಕ, ಕೆಂಪು ರೆಕ್ಸಿನ್‌ಗೆ ಇಲ್ಲ

ಸೀರೆಗೆ ಹೊಂದುವ ಬ್ಲೌಸ್ ಬಟ್ಟೆ ಮಾರುವ ದಾವಣಗೆರೆ ಚೌಕಿಪೇಟೆಯ ಈ ಅಂಗಡಿಯಲ್ಲಿ ರೂಬಿಯಾ, ಟು ಬೈ ಟು, ಲೈನಿಂಗ್, ಫಾಲ್ ಎಲ್ಲವೂ ಸಿಗುತ್ತವೆ, ದರ ಪೇಟೆಯ ದರವೇ. ಇಲ್ಲಿಗೇ ಹೋಗಿ ಎನ್ನಲು ಕಾರಣ ಕೌಂಟರಿನ ಮೇಲಿನ ಎರಡು ದೀಪ. ಬ್ಲೌಸ್ ಪೀಸ್ ಕತ್ತರಿಸುವ ಮುಂಚೆ ಬಿಳಿ ಎಲ್‌ಇಡಿಯಲ್ಲಿ ಒಮ್ಮೆ, ಹಳದಿಯಲ್ಲಿ ಒಮ್ಮೆ ತೋರಿಸುತ್ತಾರೆ. ಬಾಗಿಲಾಚೆ ಒಯ್ದು ನೋಡುತ್ತೇವೆಂದರೂ ಬೇಡ ಅನ್ನುವುದಿಲ್ಲ.

ಇದು ಬರೀ ಉಪಚಾರವಲ್ಲ. ನಮ್ಮ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರೇ ಬಗೆ. ರೇಷ್ಮೆಗೆ ಹಾಕಿದ ಬಣ್ಣ, ರೂಬಿಯಾಕ್ಕೆ ಹಾಕಿದ ಬಣ್ಣ ಬೇರೆಬೇರೆ ರಾಸಾಯನಿಕವಾದರೂ, ಆ ಮೂರೂ ಬಗೆಯ ಕೋಶಗಳನ್ನು ಒಂದೇ ಪ್ರಮಾಣದಲ್ಲಿ ಕೆರಳಿಸಿದರೆ ಎರಡೂ ಒಂದೇ ಬಣ್ಣವಾಗಿ ಕಾಣುತ್ತವೆ. ಬೆಳಕು ಬದಲಾದರೆ ಆ ಲೆಕ್ಕ ತಪ್ಪುತ್ತದೆ. 6500 ಕೆಲ್ವಿನ್‌ನ (ಬೆಳಕಿನ ಬಣ್ಣ ಅಳೆಯುವ ಮಾನ) ಬಿಳಿ ಟ್ಯೂಬಿನಡಿ ಕೂಡಿಬಂದ ನೇರಳೆ, ಕಲ್ಯಾಣ ಮಂಟಪದ 3000 ಕೆಲ್ವಿನ್ ಹಳದಿ ದೀಪದಡಿ ಬೇರೆಯಾಗುವುದು ಹೀಗೆ. ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಬೂದು, ಕಂದು, ನೇರಳೆಯಲ್ಲಿ ಈ ತೊಂದರೆ ಬೇಗ ಎದ್ದು ಕಾಣುತ್ತದೆ.

ಕೊರತೆ ಕೌಂಟರಿನಲ್ಲೇ ಇದೆ: ಮೇಲೆ ಹಾಸಿದ್ದು ಕಡುಗೆಂಪು ರೆಕ್ಸಿನ್. ಕೆಂಪಿನ ನಡುವೆ ಇಟ್ಟ ಬೂದು ಬಟ್ಟೆ ಹಸಿರಿಗೆ ವಾಲಿದಂತೆ ಕಾಣುತ್ತದೆ. ಪ್ಯಾರಿಸ್ಸಿನ ಗೊಬೆಲಿನ್ ಚಿತ್ರಗಂಬಳಿ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಾಗ, ದೋಷ ಬಣ್ಣದ್ದಲ್ಲ, ಪಕ್ಕದ ನೂಲಿನದ್ದು ಎಂದು ಅಲ್ಲಿಯ ಬಣ್ಣಗಾರಿಕೆಯ ಮುಖ್ಯಸ್ಥ, ರಸಾಯನಶಾಸ್ತ್ರಜ್ಞ ಶೆವ್ರಲ್ ತೋರಿಸಿದರು. 1839ರಲ್ಲಿ ಅದರ ಮೇಲೆ ಗ್ರಂಥವನ್ನೇ ಪ್ರಕಟಿಸಿದರು. ಬೂದು ಹಾಸು ಹಾಕಿದರೆ ಅಂಗಡಿಯವರಿಗೂ ವಾಪಸ್ ಬರುವ ಪೀಸ್ ಕಡಿಮೆಯಾದೀತು. ಅಲ್ಲಿಯವರೆಗೆ ಬೂದು ರಟ್ಟಿನಲ್ಲಿ 5 ಸೆಂ.ಮೀ. ಚೌಕದ ಕಿಂಡಿ ಕೊರೆದು ಒಯ್ಯಿರಿ. ಸೀರೆ ಬಟ್ಟೆಯ ತುದಿಯೂ ಪೀಸಿನ ತುದಿಯೂ ಕಿಂಡಿಯ ನಡುವೆ ಕೂಡುವಂತಿಟ್ಟು ನೋಡಿ. ಕೂಡಿದ ಗೆರೆ ಕಣ್ಣಿಗೆ ಬೀಳದಿದ್ದರೆ ಮ್ಯಾಚಿಂಗ್ ಸರಿ.

ಡಬಲ್ ಶೇಡ್ ಸೀರೆಗೆ, ಮೊಳಕಾಲ್ಮೂರಿನದೇ ಇರಲಿ ಬೇರೆಯದೇ ಇರಲಿ, ಇಲ್ಲಿಯ ಹುಡುಗರು ಮಟ್ಟಸವಾಗಿ ಹಾಸಿಯೇ ಬಣ್ಣ ಹೊಂದಿಸುತ್ತಾರೆ. ಅದು ಸಾಲದು. ನೇಯ್ಗೆಯಲ್ಲಿ ಹಾಸಿನ (ಉದ್ದದ) ಎಳೆ ಒಂದು ಬಣ್ಣ, ಹೊಕ್ಕಿನದು (ಅಡ್ಡದ್ದು) ಇನ್ನೊಂದಾದ್ದರಿಂದ, ಸೀರೆಯನ್ನು ಉಟ್ಟಂತೆ ನೆರಿಗೆ ಹಿಡಿದು ಇಳಿಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ಯಾವ ಬಣ್ಣ ಮೇಲಾಗುತ್ತದೋ ಅದಕ್ಕೆ ಪೀಸ್ ಆರಿಸಬೇಕು.

ಸಾಲಾಗಿ ಹತ್ತು ಕೆಂಪು ನೋಡಿದ ಮೇಲೆ ಕಣ್ಣು ಆ ಬಣ್ಣಕ್ಕೆ ದಣಿದಿರುತ್ತದೆ. ಅರ್ಧ ನಿಮಿಷ ಬೇರೆಡೆ ದಿಟ್ಟಿಸಿ ಮುಂದುವರಿಯಿರಿ. ಹೋಗುವುದಾದರೆ ಹಗಲಲ್ಲೇ ಹೋಗಿ, ಹೊರಗೆ ನೋಡುವಾಗ ನೇರ ಬಿಸಿಲು ಬಿಟ್ಟು ನೆರಳಲ್ಲಿ ನಿಲ್ಲಿ.