ಕೇಶ್ವಾಪುರದಿಂದ ಸಪ್ತಾಪುರ: ಚಿಗರಿ, ಸಾದಾ ಬಸ್, ರೈಲು, ಸೈಕಲ್

ನನ್ನ ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ಕೆಲಸ ಧಾರವಾಡದ ಸಪ್ತಾಪುರದಲ್ಲಿ. 1962ರಲ್ಲೇ ಎರಡೂ ಊರು ಸೇರಿಸಿ ಒಂದು ಮಹಾನಗರಪಾಲಿಕೆ ಮಾಡಿದ್ದಾರೆ, ಆದರೆ ನಡುವಿನ ಇಪ್ಪತ್ತು ಕಿಲೊಮೀಟರ್ ಎಲ್ಲಿ ಹೋಗಬೇಕು? ಅದನ್ನು ದಿನಾ ಎರಡು ಸಲ ದಾಟಲೇಬೇಕು. ಆರು ವರ್ಷ ಬೈಕಿನಲ್ಲಿ ದಾಟಿದೆ. ಕಳೆದ ವರ್ಷ ಬೆನ್ನು ಕೈಕೊಟ್ಟಿತು. ಡಾಕ್ಟರು ಮೂರು ತಿಂಗಳು ಬೈಕ್ ಮುಟ್ಟಬೇಡಿ ಎಂದರು. ಆಗ ಶುರುವಾಯಿತು ಈ ಪ್ರಯೋಗ. ಒಂದೊಂದು ದಾರಿಗೆ ಕನಿಷ್ಠ ಎರಡು ವಾರ ಕೊಡಬೇಕು ಅಂದುಕೊಂಡೆ. ಮನೆ ಬಾಗಿಲಿಗೆ ಬೀಗ ಹಾಕಿದ ಹೊತ್ತಿನಿಂದ ಆಫೀಸಿನ ಕುರ್ಚಿಯಲ್ಲಿ ಕೂರುವ ತನಕ ಮೊಬೈಲಿನಲ್ಲಿ ಸಮಯ ಬರೆದಿಟ್ಟೆ. ಬಸ್ಸಿನಲ್ಲಿ ಕೂತ ಸಮಯ ಮಾತ್ರ ಲೆಕ್ಕ ಹಾಕಿದರೆ ಅದು ಮೋಸ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಚಿಗರಿ. ಗೊತ್ತಿಲ್ಲದವರಿಗೆ ಹೇಳಬೇಕು ಅಂದರೆ, ಎರಡೂ ಊರು ಜೋಡಿಸುವ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ನಡುವೆ ಬಸ್ಸಿಗೆಂದೇ ಬೇರೆ ದಾರಿ ಬಿಟ್ಟಿದ್ದಾರೆ. ಆ ಬಿಆರ್‌ಟಿಎಸ್ ದಾರಿಯಲ್ಲಿ ಓಡುವ ಎಸಿ ಬಸ್ಸಿಗೆ ಚಿಗರಿ ಎಂದು ಹೆಸರು. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಗಿ, 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ನಿಲ್ದಾಣ ರಸ್ತೆಯ ನಡುವೆ ಇರುತ್ತದೆ, ಟಿಕೆಟ್ ಅಲ್ಲೇ ತೆಗೆಸಬೇಕು, ಗೇಟು ದಾಟಿದ ಮೇಲೆ ಪ್ಲಾಟ್‌ಫಾರ್ಮೂ ಬಸ್ಸಿನ ನೆಲವೂ ಒಂದೇ ಎತ್ತರ. ಮೆಟ್ಟಿಲು ಹತ್ತುವ ಕೆಲಸವಿಲ್ಲ. ಬೆನ್ನು ನೋವಿನವನಿಗೆ ಇದು ಎಷ್ಟು ದೊಡ್ಡ ಸುಖ ಅಂತ ನೋವು ಬಂದವರಿಗೇ ಗೊತ್ತು. ಟಿಕೆಟ್ ಹೊರಗೇ ಆಗುವುದರಿಂದ ಕಂಡಕ್ಟರ್, ಚಿಲ್ಲರೆ, ಗಲಾಟೆ ಒಂದೂ ಇಲ್ಲ. ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ, ಬಾಗಿಲು ಮುಚ್ಚುತ್ತದೆ, ಅಷ್ಟೇ. ನಿಲ್ದಾಣಗಳ ಬಳಿ ದಾರಿ ಅಗಲ ಮಾಡಿರುವುದರಿಂದ ಹಿಂದಿನ ಎಕ್ಸ್‌ಪ್ರೆಸ್ ಬಸ್ಸು ನಿಂತ ಬಸ್ಸನ್ನು ದಾಟಿ ಮುಂದೆ ಹೋಗುತ್ತದೆ. ನೋಡಲು ಸಣ್ಣ ವಿಷಯ, ಆದರೆ ಇಡೀ ವ್ಯವಸ್ಥೆಯ ಜೀವ ಇರುವುದೇ ಅಲ್ಲಿ.

ಉಣಕಲ್ ಕೆರೆ ದಾಟಿ ಬೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು ಅಂತ ಬಸ್ಸು ಓಡುವಾಗ ಪಕ್ಕದ ಲೇನಿನಲ್ಲಿ ಸಿಕ್ಕಿಕೊಂಡ ಕಾರುಗಳನ್ನು ನೋಡುವುದೇ ಒಂದು ಮಜಾ. ಮೊದಲು ನಾನೂ ಆ ಕಡೆ ನಿಂತು ಈ ಬಸ್ಸಿಗೆ ಬೈದವನೇ. ಅರ್ಧ ರಸ್ತೆ ಬಸ್ಸಿಗೆ ಕೊಟ್ಟು ನಮ್ಮನ್ನು ಇಕ್ಕಟ್ಟಿಗೆ ಹಾಕಿದರು, ತೆಗೆದುಬಿಡಲಿ ಇದನ್ನ ಅಂತ. ಈಗಲೂ ಊರಲ್ಲಿ ಆ ವಾದ ನಡೆದೇ ಇದೆ. ಒಳಗೆ ಕೂತ ಮೇಲೆ ನನ್ನ ವಾದ ಬದಲಾಯಿತು. ಒಂದು ಬಸ್ಸಿನಲ್ಲಿ ಇರುವ ಜನರೆಲ್ಲ ಒಬ್ಬೊಬ್ಬರೇ ಕಾರು ತಂದಿದ್ದರೆ ಆ ಸಾಲು ಎಲ್ಲಿಯ ತನಕ ಹೋಗುತ್ತಿತ್ತು, ನೀವೇ ಹೇಳಿ.

ಬಸ್ಸಿನಲ್ಲಿ ಕೂತ ಸಮಯ ನನ್ನ ಲೆಕ್ಕದಲ್ಲಿ 40ರಿಂದ 45 ನಿಮಿಷ. ಚೆನ್ನಾಗಿದೆ ಅಲ್ವಾ? ಆದರೆ ಮನೆಯಿಂದ ಕುರ್ಚಿಯ ತನಕ ಎಷ್ಟು ಗೊತ್ತಾ? ಒಂದು ಗಂಟೆ ಮೂವತ್ತು ನಿಮಿಷ. ಕೇಶ್ವಾಪುರದಿಂದ ರೈಲ್ವೆ ಸ್ಟೇಷನ್ ಹತ್ತಿರದ ನಿಲ್ದಾಣಕ್ಕೆ ನಡೆಯಲು 20 ನಿಮಿಷ, ಬಸ್ಸಿಗೆ ಕಾಯಲು ಒಂದೈದು ನಿಮಿಷ, ಆಮೇಲೆ ಧಾರವಾಡದ ಜುಬಿಲಿ ಸರ್ಕಲ್‌ನಿಂದ ಸಪ್ತಾಪುರಕ್ಕೆ ಮತ್ತೆ 20-25 ನಿಮಿಷ ಕಾಲಾಟ. ಅಂದರೆ ಇಪ್ಪತ್ತು ಕಿಲೊಮೀಟರ್ ದಾಟಲು ಎಷ್ಟು ಹೊತ್ತೋ, ಎರಡು ತುದಿಯ ನಾಲ್ಕು ಕಿಲೊಮೀಟರ್ ದಾಟಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆಟೊ ಮಾಡಿದರೆ ಸಮಯ ಉಳಿಯುತ್ತದೆ, ಆದರೆ ಆ ಎರಡು ಆಟೊದ ದುಡ್ಡು ಬಸ್ ಟಿಕೆಟ್ಟನ್ನೇ ನುಂಗಿಹಾಕುತ್ತದೆ.

ಇನ್ನು ಸಾದಾ ಸಿಟಿ ಬಸ್. ಇದು ಮಾಮೂಲಿ ಗಾಡಿಗಳ ಜೊತೆ ಪಕ್ಕದ ಲೇನಿನಲ್ಲೇ ಬರುತ್ತದೆ. ಎರಡು ವಾರ ಅಂದುಕೊಂಡಿದ್ದೆ, ಎಂಟು ದಿನಕ್ಕೆ ಬಿಟ್ಟೆ. ಒಂದು ಗಂಟೆ ಐವತ್ತು ನಿಮಿಷ ಆದ ದಿನವೂ ಇದೆ. ಕೈ ಮಾಡಿದಲ್ಲೆಲ್ಲ ನಿಲ್ಲಿಸುತ್ತಾರೆ, ಆದರೆ ಅದೇ ಇದರ ಗುಣವೂ ಹೌದು. ಚಿಗರಿ ನಿಲ್ದಾಣ ದೂರ ಇರುವವರಿಗೆ, ಮಂಡಿನೋವಿನ ಅಜ್ಜಿಯರಿಗೆ, ಸಂತೆಯ ಚೀಲ ಹೊತ್ತವರಿಗೆ ಮನೆ ಹತ್ತಿರ ಇಳಿಸುವ ಬಸ್ಸೇ ಬೇಕು. ಇನ್ನೊಂದು ಮಾತು, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ ಉಚಿತ, ಎಸಿ ಬಸ್ಸಿಗೆ ಅದು ಇಲ್ಲ. ನಮ್ಮ ಆಫೀಸಿನ ಅಕ್ಕ ಒಬ್ಬರಿಗೆ ಚಿಗರಿ ಬಗ್ಗೆ ಭಾಷಣ ಬಿಗಿದೆ. ಪೂರ್ತಿ ಕೇಳಿಸಿಕೊಂಡು, ‘ನಿಂದೆಲ್ಲಾ ಖರೆ ಐತಿ ತಮ್ಮಾ, ಆದ್ರ ತಿಂಗಳಿಗೆ ಆ ರೊಕ್ಕ ಉಳದ್ರ ನನ್ನ ಮಗನ ಟ್ಯೂಷನ್ ಫೀ ಅಕ್ಕೈತಿ’ ಎಂದರು. ನನ್ನ ಸ್ಟಾಪ್‌ವಾಚಿಗೆ ಉತ್ತರ ಇರಲಿಲ್ಲ.

ರೈಲಿನ ಬಗ್ಗೆ ನನಗೆ ಭಾರಿ ಆಸೆ ಇತ್ತು. ಮನೆ ಇರುವುದೇ ಸ್ಟೇಷನ್ನಿನ ಆಚೆ, ಪ್ಯಾಸೆಂಜರ್ ರೈಲಿನ ಟಿಕೆಟ್ ಹತ್ತೇ ರೂಪಾಯಿ, ದಾರಿಯಲ್ಲಿ ಉಣಕಲ್, ಅಮರಗೋಳ, ನವಲೂರು ಅಂತ ಸಣ್ಣ ಸಣ್ಣ ಸ್ಟೇಷನ್ನು. ಓಡಲು ಶುರುವಾದರೆ ಅರ್ಧ ಗಂಟೆಯ ಆಸುಪಾಸು, ಅದೂ ಒಂದು ಸಿಗ್ನಲ್ ಇಲ್ಲ, ಒಂದು ಹಾರ್ನ್ ಇಲ್ಲ, ಹೊಲ ನೋಡಿಕೊಂಡು. ಸುಖ ಅಂದರೆ ಇದು. ತೊಂದರೆ ಏನೆಂದರೆ, ರೈಲು ಅದರ ಹೊತ್ತಿಗೆ ಬರುತ್ತದೆ, ನನ್ನ ಹೊತ್ತಿಗಲ್ಲ. ಬೆಳಿಗ್ಗೆ ನನಗೆ ಹೊಂದುವ ಗಾಡಿ ಒಂದೇ. ಅದು ತಪ್ಪಿದರೆ ಓಡಿಹೋಗಿ ಚಿಗರಿ ಹತ್ತಬೇಕು. ಸಂಜೆ ಕೆಲಸ ಹತ್ತು ನಿಮಿಷ ಎಳೆದರೆ ಅದೂ ಹೋಯಿತು. ಅದರ ಮೇಲೆ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇದೆ, 1507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದೇನೆ. ಆದರೆ ಗಾಡಿ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ ಇದ್ದ ಒಂದು ದಿನ ಆ ಹೆಮ್ಮೆ ಬೆವರಾಗಿ ಇಳಿಯಿತು. ಎಲ್ಲ ಕೂಡಿಬಂದ ದಿನ 75 ನಿಮಿಷ. ಕೂಡಿ ಬರದ ದಿನದ ಲೆಕ್ಕ ಬೇಡ ಬಿಡಿ.

ಈಗ ಸೈಕಲ್. ಬೆನ್ನು ಸರಿಯಾದ ಮೇಲೆ, ಡಾಕ್ಟರನ್ನು ಕೇಳಿಯೇ ಶುರು ಮಾಡಿದ್ದು. ಏಳು ಗೇರಿನ ಹಳೆಯ ಸೈಕಲ್, ಅಣ್ಣನ ಮಗನದು. ಅವನು ಬೈಕ್ ತಗೊಂಡ ಮೇಲೆ ಮಹಡಿಯ ಮೇಲೆ ಮಳೆಗೆ ನೆನೆಯುತ್ತಿತ್ತು. ಟೈರು, ಟ್ಯೂಬು, ಬ್ರೇಕ್ ರಬ್ಬರು ಬದಲಿಸಿದೆ.

ಕಾರಿನಲ್ಲಿ ಹೋಗುವವರಿಗೆ ಗೊತ್ತೇ ಆಗದ ಒಂದು ವಿಷಯ: ಧಾರವಾಡ ಮೇಲಿದೆ, ಹುಬ್ಬಳ್ಳಿ ಕೆಳಗಿದೆ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗ ಅದು. ರಾಯಾಪುರ ದಾಟಿದ ಮೇಲೆ ಏರು, ಸತ್ತೂರಿನಲ್ಲಿ ಏರು, ನವಲೂರಿನಲ್ಲಿ ಮತ್ತೆ ಏರು. ಕಣ್ಣಿಗೆ ಕಾಣದ ಏರು ಇವು, ತೊಡೆಗೆ ಮಾತ್ರ ಕಾಣುತ್ತವೆ. ಜೂನ್‌ನಿಂದ ಆಗಸ್ಟ್ ತನಕ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಧಾರವಾಡ ಇರುವುದೂ ಹುಬ್ಬಳ್ಳಿಯ ವಾಯವ್ಯಕ್ಕೆ. ಅಂದರೆ ಬೆಳಿಗ್ಗೆ ಏರೂ ಎದುರು, ಗಾಳಿಯೂ ಎದುರು. ಸಂಜೆ ಎರಡೂ ಬೆನ್ನಿಗೆ. ಹೋಗಲು 95 ನಿಮಿಷ, ಬರಲು 70 ನಿಮಿಷ. ಬೆಳಿಗ್ಗೆ ಹೋಗುವಾಗ ಯಾಕಪ್ಪಾ ಬೇಕಿತ್ತು ಅನಿಸುತ್ತದೆ. ಸಂಜೆ ನವಲೂರಿನಿಂದ ಇಳಿಯುವಾಗ, ಜೇಬಲ್ಲಿ ಎರಡು ಪೇರಲಹಣ್ಣು ಹಾಕಿಕೊಂಡು, ಪೆಡಲ್ ತುಳಿಯದೇ ಉರುಳುವಾಗ, ಬಸ್ಸಿನವರನ್ನು ನೋಡಿ ಅಯ್ಯೋ ಪಾಪ ಅನಿಸುತ್ತದೆ.

ಆದರೂ ಪೂರ್ತಿ ದಾರಿ ದಿನಾ ಸೈಕಲ್ ಹೊಡೆಯಿರಿ ಅಂತ ಯಾರಿಗೂ ಹೇಳಲಾರೆ. ನಡುವಿನ ದಾರಿ ಬಸ್ಸಿನದು, ಅಲ್ಲಿ ಸೈಕಲ್ಲಿಗೆ ಜಾಗವಿಲ್ಲ. ಪಕ್ಕದ ಲೇನಿನಲ್ಲಿ ಎಡ ಅಂಚಿಗೆ ಹೋದರೆ ನಿಲ್ಲಿಸಿದ ಕಾರು, ಆಟೊ, ಮರಳಿನ ಗುಡ್ಡೆ. ಅದನ್ನು ತಪ್ಪಿಸಲು ಬಲಕ್ಕೆ ಸರಿದ ಕ್ಷಣ ಹಿಂದಿನಿಂದ ಹಾರ್ನು. ಎರಡು ಸಲ ಕಾರಿನ ಬಾಗಿಲು ಸರಕ್ಕನೆ ತೆರೆದು ಎದೆ ಝಲ್ ಎಂದಿದೆ. ನೆಗ್ಗಿನ ಮುಳ್ಳಿಗೆ ಮೂರು ಪಂಚರ್ ಆಯಿತು. ಮತ್ತೆ ಬೆವರು. ಆಫೀಸಿನಲ್ಲಿ ಸ್ನಾನಕ್ಕೆ ಜಾಗ ಇಲ್ಲ, ಒದ್ದೆ ಟವೆಲ್ಲಿನಲ್ಲಿ ಒರೆಸಿಕೊಂಡು ಅಂಗಿ ಬದಲಿಸಿದರೂ ಹನ್ನೊಂದು ಗಂಟೆ ತನಕ ಯಾರ ಪಕ್ಕವೂ ಕೂರಲು ಸಂಕೋಚ. ಅಂತೂ ಮೂರನೇ ವಾರದಲ್ಲಿ ನನಗೆ ನಾನೇ ರಜೆ ಕೊಟ್ಟುಕೊಂಡೆ.

ಆಮೇಲೆ ಬರೆದಿಟ್ಟ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದೆ. ನಡುವಿನ ಹಾದಿಗೆ ಚಿಗರಿಯನ್ನು ಯಾವುದೂ ಮೀರಿಸುವುದಿಲ್ಲ. ಹದಿನೈದು ನಿಮಿಷದ ಒಳಗಿನ ದೂರಕ್ಕೆ ಸೈಕಲ್ಲನ್ನು ಯಾವುದೂ ಮೀರಿಸುವುದಿಲ್ಲ. ಹಾಗಾದರೆ ನಾನು ಎರಡರಲ್ಲಿ ಒಂದನ್ನು ಯಾಕೆ ಆರಿಸಬೇಕು? ಸೈಕಲ್ಲನ್ನು ಬಸ್ಸಿನಲ್ಲಿ ಒಯ್ಯಲು ಆಗುವುದಿಲ್ಲ, ನಿಜ. ಸ್ಮಾರ್ಟ್ ಸಿಟಿಯ ಬಾಡಿಗೆ ಸೈಕಲ್ಲೂ ಬಂದದ್ದು ಹುಬ್ಬಳ್ಳಿ ಕಡೆಗೆ. ನನಗೆ ಧಾರವಾಡದಲ್ಲೂ ಬೇಕು. ಹಾಗಾಗಿ ಇನ್ನೊಂದು ಸೈಕಲ್ ಕೊಂಡೆ. 22 ಇಂಚಿನ, ಗೇರಿಲ್ಲದ, ಕ್ಯಾರಿಯರ್ ಇರುವ, ಅಜ್ಜನ ಕಾಲದ ಸೈಕಲ್. ಸೆಕೆಂಡ್ ಹ್ಯಾಂಡಿಗೆ 1,800 ರೂಪಾಯಿ. ಮನೆಯಲ್ಲಿ ಬೈಸಿಕೊಂಡೆ. ಎರಡು ಕಾಲಿಗೆ ಎರಡು ಸೈಕಲ್ ಏನ್ರೀ ಅಂತ.

ಈಗ ಹೀಗೆ ನಡೆಯುತ್ತದೆ. ಬೆಳಿಗ್ಗೆ ಗೇರಿನ ಸೈಕಲ್ಲಿನಲ್ಲಿ ಸ್ಟೇಷನ್ ತನಕ ಏಳು ನಿಮಿಷ. ಅಲ್ಲಿ ದುಡ್ಡು ಕೊಟ್ಟು ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಇಟ್ಟು ಚಿಗರಿ ಹತ್ತುತ್ತೇನೆ. ಜುಬಿಲಿ ಸರ್ಕಲ್‌ನಲ್ಲಿ ಇಳಿದು, ರಸ್ತೆ ದಾಟಿ, ಒಂದು ಓಣಿಯ ಪಂಚರ್ ಅಂಗಡಿಯ ಗೋಡೆಗೆ ಕಟ್ಟಿಟ್ಟ ಹಳೆಯ ಸೈಕಲ್ ಬಿಚ್ಚಿಕೊಂಡು ಎಂಟು ನಿಮಿಷಕ್ಕೆ ಸಪ್ತಾಪುರ. ಒಟ್ಟು 66 ನಿಮಿಷ, ಹೆಚ್ಚೆಂದರೆ 70. ಬೆವರು ಬರುವಷ್ಟು ದೂರವೇ ಅಲ್ಲ, ಅಂಗಿಯ ಇಸ್ತ್ರಿಯೂ ಉಳಿಯುತ್ತದೆ. ಬರೀ ಚಿಗರಿ ಇದ್ದಾಗಿನ ಒಂದೂವರೆ ಗಂಟೆಗೆ ಹೋಲಿಸಿದರೆ ಹೋಗಿ ಬರುವುದರಲ್ಲಿ ದಿನಕ್ಕೆ ನಲವತ್ತು ನಿಮಿಷ ಉಳಿದವು.

ಬೈಕಿಗೆ? ಬೈಕು 50 ನಿಮಿಷದಲ್ಲಿ ಮುಟ್ಟುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬರೀ ವೇಗ ನೋಡುವವರು ಬೈಕನ್ನೇ ಇಟ್ಟುಕೊಳ್ಳಲಿ. ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ನನ್ನನ್ನು ನೆನೆಸಿಕೊಂಡರೆ ಸಾಕು. ರಾತ್ರಿ ಪಾಳಿಯವರಿಗೆ, ಚಿಕ್ಕ ಮಕ್ಕಳನ್ನು ಶಾಲೆಗೆ ಬಿಟ್ಟು ಹೋಗುವವರಿಗೂ ನನ್ನ ಈ ಜೋಡಿ ಸೈಕಲ್ ಲೆಕ್ಕ ಹೊಂದುವುದಿಲ್ಲ. ಮನೆ ವಿದ್ಯಾನಗರದಲ್ಲೋ ಉಣಕಲ್ಲಿನಲ್ಲೋ ನಿಲ್ದಾಣದ ಎದುರಿಗೇ ಇದ್ದರೆ ಸೈಕಲ್ಲೇ ಬೇಡ, ಸುಮ್ನೆ ಚಿಗರಿ ಹತ್ತಿ.

ನನಗೆ ಕಾಡುವುದು ಒಂದೇ. 22 ಕಿಲೊಮೀಟರ್ ಉದ್ದಕ್ಕೆ ಮರ ಕಡಿದು, ಮನೆ ಅಂಗಡಿ ಒಡೆದು, ಇಷ್ಟು ದೊಡ್ಡ ದಾರಿ ಮಾಡಿದವರಿಗೆ ನಿಲ್ದಾಣದ ಪಕ್ಕ ಹತ್ತು ಸೈಕಲ್ ಕಟ್ಟಲು ಒಂದು ಕಬ್ಬಿಣದ ಸರಳು ನೆಡುವುದು ಎಷ್ಟರ ಕೆಲಸ? ಅದರ ಮೇಲೊಂದು ತಗಡು ಹಾಕಿದರೆ ಮಳೆಗಾಲಕ್ಕೂ ಆಯಿತು. ನಾನು ಪಂಚರ್ ಅಂಗಡಿಯ ಕಾಕಾಗೆ ತಿಂಗಳಿಗೆ ನೂರು ರೂಪಾಯಿ ಕೊಡುತ್ತೇನೆ. ಮೊದಲ ತಿಂಗಳು ಬೇಡ ಎಂದಿದ್ದರು. ಎರಡನೇ ತಿಂಗಳು ಇನ್ನೊಬ್ಬ ಹುಡುಗನೂ ತನ್ನ ಸೈಕಲ್ ತಂದು ಅದೇ ಗೋಡೆಗೆ ಕಟ್ಟಿದ. ಮೊನ್ನೆ ಶನಿವಾರ ನೋಡಿದರೆ ಒಟ್ಟು ನಾಲ್ಕು. ಕಾಕಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ‘ಸಾಹೇಬ್ರ, ಇದು ಪಂಚರ್ ಅಂಗಡಿನೋ ಸೈಕಲ್ ಸ್ಟ್ಯಾಂಡೋ ನನಗ ತಿಳೀವಲ್ದು’ ಎಂದು ನಕ್ಕು, ನನ್ನ ಹಿಂದಿನ ಟೈರು ಒತ್ತಿ ನೋಡಿ, ಕೇಳದೇ ಗಾಳಿ ಹೊಡೆದರು.