ಅಪ್ಪನ ಅಂಬಾಸಿಡರ್ ಕುದಿಯುತ್ತಿತ್ತು: ನಾಲ್ಕು ಉಪಾಯ, ಒಂದೇ ಘಾಟಿ

ಅಪ್ಪ ಬಿಟ್ಟುಹೋದ 1978ರ ಮಾರ್ಕ್ 3 ಅಂಬಾಸಿಡರ್ ಹಾಸನದ ಮನೆಯಲ್ಲಿ ಆರು ವರ್ಷ ನಿಂತೇ ಇತ್ತು. ರಿಪೇರಿ ಮಾಡಿಸಿ ಓಡಿಸಿದ ಮೊದಲ ಬೇಸಿಗೆಯಲ್ಲೇ ಶಿರಾಡಿ ಘಾಟಿಯಲ್ಲಿ ಕುದಿಯಿತು. ಗುಂಡ್ಯ ದಾಟಿ ಎರಡನೇ ಗೇರಿನಲ್ಲಿ ಲಾರಿಗಳ ಹಿಂದೆ ಹತ್ತುತ್ತಿದ್ದೆ. ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು, ಬಾನೆಟ್ ಸಂದಿಯಿಂದ ಹಬೆ ಬಂತು. ಆಮೇಲೆ ಎರಡು ವರ್ಷದಲ್ಲಿ ನಾಲ್ಕು ಉಪಾಯ ಮಾಡಿದೆ. ನಾಲ್ಕನ್ನೂ ಅದೇ ಘಾಟಿಯಲ್ಲಿ ಪರೀಕ್ಷೆ ಮಾಡಿದ್ದೇನೆ.

ಮೊದಲನೆಯದು ಎಲ್ಲರೂ ಹೇಳುವ ಮಾತು: "ಥರ್ಮೋಸ್ಟಾಟ್ ತೆಗೆದುಬಿಡಿ ಸಾರ್." ತೆಗೆಸಿದೆ. ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ ಅದು. ಖರ್ಚೇನೂ ಇಲ್ಲ. ಆದರೆ ಘಾಟಿಯಲ್ಲಿ ಒಂದೆರಡು ಕಿಲೋಮೀಟರ್ ತಡವಾಗಿ ಕುದಿಯಿತು, ಅಷ್ಟೇ. ಯಾಕೆ ಅಂದರೆ, ಎಂಜಿನ್ ಬಿಸಿಯಾದ ಮೇಲೆ ಸರಿಯಿರುವ ಥರ್ಮೋಸ್ಟಾಟ್ ಹೇಗೂ ಪೂರ್ತಿ ತೆರೆದೇ ಇರುತ್ತದೆ. ಅದನ್ನು ತೆಗೆದು ಏನು ಲಾಭ? ಡಿಸೆಂಬರಿನ ಬೆಳಗ್ಗೆ ಮಾತ್ರ ಗಾಡಿ ಬಿಸಿಯಾಗುವುದೇ ಇಲ್ಲ. ಚೋಕ್ ಎಳೆದುಕೊಂಡೇ ಓಡಿಸಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕೊನೆಗೆ ಹಳೆಯದನ್ನೇ ಪಾತ್ರೆಯ ನೀರಿನಲ್ಲಿ ಹಾಕಿ ಒಲೆ ಮೇಲಿಟ್ಟು, ಥರ್ಮಾಮೀಟರ್ ಹಿಡಿದು ನೋಡಿದೆ. ಮೇಲೆ ಒತ್ತಿದ್ದ ಅಂಕೆ 82. ಸರಿಯಾಗಿ ಅಲ್ಲೇ ತೆರೆಯಿತು. ವಾಪಸ್ ಹಾಕಿದೆ.

ಎರಡನೆಯದು ಎಲೆಕ್ಟ್ರಿಕ್ ಫ್ಯಾನ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾರುತಿ 800ರ ಹಳೇ ಫ್ಯಾನ್ ತಂದು, ಕಂಪನಿ ಫ್ಯಾನ್ ಬಿಚ್ಚಿ, ಇದನ್ನು ಕೂರಿಸಿದೆ. ಘಾಟಿಯಲ್ಲಿ ನಿಜವಾಗಿಯೂ ವ್ಯತ್ಯಾಸ ಕಂಡಿತು. ಗಾಡಿ ನಿಧಾನವಾದಾಗ ಬೆಲ್ಟಿನ ಫ್ಯಾನೂ ನಿಧಾನವಾಗುತ್ತದೆ, ಇದು ಹಾಗಲ್ಲ. ತೊಂದರೆ ಬಂದಿದ್ದು ಬೆಂಗಳೂರಿನ ಸಂಜೆ ಟ್ರಾಫಿಕ್ಕಿನಲ್ಲಿ. ಬ್ಯಾಟರಿ ಚಾರ್ಜ್ ಮಾಡಲು ನನ್ನ ಗಾಡಿಯಲ್ಲಿ ಇರುವುದು ಹಳೇ ಕಾಲದ ಡೈನಮೋ, ಐಡ್ಲಿಂಗಿನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್ ಅಲ್ಲ. ಎಂಜಿನ್ ಐಡ್ಲಿಂಗಿನಲ್ಲಿ ಇರುವಾಗ ಡೈನಮೋ ಹೆಚ್ಚುಕಡಿಮೆ ಕರೆಂಟೇ ಕೊಡುವುದಿಲ್ಲ. ಫ್ಯಾನ್ ತಿರುಗಬೇಕಾದ್ದೂ ಅದೇ ಹೊತ್ತಿನಲ್ಲಿ! ಹೆಡ್‌ಲೈಟ್ ಹಾಕಿದೆ, ಫ್ಯಾನ್ ತಿರುಗುತ್ತಿತ್ತು, ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎನ್ನುವ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿತು. ಅರ್ಧ ಗಂಟೆಯಲ್ಲಿ ಲೈಟು ಮಂಕಾಯಿತು. ಮರುದಿನ ಬೆಳಗ್ಗೆ ತಳ್ಳಿ ಸ್ಟಾರ್ಟ್ ಮಾಡಬೇಕಾಯಿತು.

ಆಗ ರೇಡಿಯೇಟರ್ ಬಿಚ್ಚಿಸಿದೆ. ಇದನ್ನೇ ಮೊದಲು ಮಾಡಬೇಕಿತ್ತು. ರೇಡಿಯೇಟರ್ ಕೆಲಸದವರು ಮೇಲಿನ ಟ್ಯಾಂಕಿನ ಬೆಸುಗೆಯನ್ನು ಗ್ಯಾಸ್ ಜ್ವಾಲೆಯಲ್ಲಿ ಕರಗಿಸಿ ಎತ್ತಿದರು. "ಬನ್ನಿ, ನೋಡಿ" ಎಂದು ಕೋರನ್ನು, ಅಂದರೆ ನೀರು ಹರಿಯುವ ಕೊಳವೆಗಳ ಭಾಗವನ್ನು, ಬಿಸಿಲಿಗೆ ಹಿಡಿದರು. ಬೆಳಕು ದಾಟಬೇಕಾದ ಕೊಳವೆಗಳಲ್ಲಿ ಅರ್ಧಕ್ಕರ್ಧ ಕತ್ತಲು. ಬಾಯಿಗೆ ಸುಣ್ಣದಂಥ ಬಿಳಿ ಪೊರೆ, ಅದರ ಕೆಳಗೆ ಒದ್ದೆ ಇಟ್ಟಿಗೆ ಪುಡಿಯಂಥ ತುಕ್ಕು. ಅಪ್ಪ ವರ್ಷಾನುಗಟ್ಟಲೆ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರು. ಗಡಸು ನೀರಿನ ಗುಣವೇ ಹಾಗೆ. ತೆಳ್ಳನೆಯ ಉದ್ದ ಪಟ್ಟಿಯನ್ನು ಒಂದೊಂದೇ ಕೊಳವೆಯೊಳಗೆ ತೂರಿಸಿ ಕೆರೆದರು. ಇದು ಮೂರನೆಯ ಉಪಾಯ, ರಾಡಿಂಗ್. ಹೊಸ ಕೋರಿಗಿಂತ ತುಂಬಾ ಅಗ್ಗ. ಕಂಪನಿ ಫ್ಯಾನನ್ನೇ ವಾಪಸ್ ಹಾಕಿ ಘಾಟಿ ಹತ್ತಿದೆ. ಮುಳ್ಳು ಮುಕ್ಕಾಲು ದಾಟಲಿಲ್ಲ. ಅಂದು ನನಗಾದ ಸಮಾಧಾನ ಹೇಳತೀರದು.

ಆದರೆ ಒಂದೇ ಬೇಸಿಗೆ ಬಾಳಿತು. ಕೊಳವೆಗಳು ಸವೆದು ತೆಳ್ಳಗಾಗಿದ್ದವು. ಕೆರೆದ ಮೇಲೆ ಎರಡು ಕಡೆ ಸೋರಲು ಶುರುವಾಯಿತು.

ನಾಲ್ಕನೆಯದು ಹೊಸ ತಾಮ್ರದ ಕೋರ್. ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿ ಎಂದವರೂ ಇದ್ದರು. ನಾನು ಒಪ್ಪಲಿಲ್ಲ. ತಾಮ್ರವಾದರೆ ಯಾವ ಊರಿನಲ್ಲಾದರೂ ಬೆಸುಗೆ ಹಾಕಿ ಸೋರಿಕೆ ನಿಲ್ಲಿಸಬಹುದು. ಇನ್ನೊಂದು ಕಾರಣವೂ ಇದೆ. ಹಳೆಯ ಹಿತ್ತಾಳೆ ಟ್ಯಾಂಕನ್ನೇ ಹೊಸ ಕೋರಿಗೆ ಕೂರಿಸಬಹುದು. ಅದರ ಎಡ ಮೂಲೆಯಲ್ಲಿ ಅಪ್ಪ ಹಾಕಿಸಿದ ಹೆಬ್ಬೆರಳಗಲದ ಬೆಸುಗೆಯ ತೇಪೆ ಇದೆ. ಅದು ಉಳಿಯಿತು.

ಜೊತೆಗೆ ರೇಡಿಯೇಟರಿನ ಬಾಯಿ ಮುಚ್ಚುವ ಕ್ಯಾಪೂ ಬದಲಾಯಿಸಿದೆ. ಹಳೆಯದರ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಕ್ಯಾಪನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಘಾಟಿಯ ಮೇಲಿನ ಸಕಲೇಶಪುರದ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಆ ಕುದಿಯುವ ಮಟ್ಟ ಹತ್ತು ಡಿಗ್ರಿಗೂ ಜಾಸ್ತಿ ಮೇಲೇರುತ್ತದೆ. ಬೋರ್‌ವೆಲ್ ನೀರು ನಿಲ್ಲಿಸಿ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಹಾಕಿದ್ದೇನೆ. ಕೂಲೆಂಟ್ ಮುಖ್ಯವಾಗಿ ಬೇಕಿರುವುದು ತುಕ್ಕು ತಡೆಯಲು. ಶಾಖ ಒಯ್ಯುವುದರಲ್ಲಿ ಬರೀ ನೀರೇ ಅದಕ್ಕಿಂತ ಮುಂದು.

ಕೈಯಲ್ಲಿ ದುಡ್ಡು ಕಡಿಮೆ, ಕೊಳವೆ ಗಟ್ಟಿ ಇದೆ ಅಂದರೆ ರಾಡಿಂಗ್ ಸಾಕು. ಸೋರಿದ ಗುರುತು ಎಲ್ಲಾದರೂ ಕಂಡರೆ ನೇರವಾಗಿ ಹೊಸ ಕೋರಿಗೆ ಹೋಗಿ, ರಾಡಿಂಗ್ ದುಡ್ಡು ಉಳಿಯುತ್ತದೆ. ಕಳೆದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ, ನಾಲ್ಕು ಜನ ಕೂತು ಘಾಟಿ ಹತ್ತಿದೆವು. ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತಿತು. ಮಾರುತಿ ಫ್ಯಾನನ್ನು ಎತ್ತಿಟ್ಟಿದ್ದೇನೆ. ಆಲ್ಟರ್ನೇಟರ್ ಹಾಕಿಸಿದ ದಿನ ಅದನ್ನು ರೇಡಿಯೇಟರ್ ಮುಂದೆ ಕೂರಿಸಿ ಮತ್ತೊಮ್ಮೆ ನೋಡಬೇಕು.