ಅದೇ ದಿನ ಸಹಿ ಹಾಕಬೇಡಿ

ನಿಮ್ಮ ಕಂಪನಿಗೆ ಹೊಸ ಮುಖ್ಯಸ್ಥರು ಬಂದಿದ್ದು, ಅಂದಿನಿಂದ ಕಚೇರಿಯಲ್ಲಿ ಮಾತು ಕಡಿಮೆಯಾಗಿದ್ದರೆ ದಯವಿಟ್ಟು ಇದನ್ನು ಓದಿ. 9 ವರ್ಷ ದುಡಿದ ಕೆಲಸವನ್ನು ನಾನು 20 ನಿಮಿಷಗಳಲ್ಲಿ, ನನ್ನದೇ ಕೈಯಿಂದ ಬರೆದುಕೊಟ್ಟು ಬಂದೆ.

ನಮ್ಮ ತಂಡದ ಪಕ್ಕದ ಗೋಡೆಯ ಮೇಲೆ ಒಂದು ಬಿಳಿ ಹಲಗೆ ಇತ್ತು. ಆ ವಾರ ಯಾರಿಂದ ಏನು ತಪ್ಪಾಯಿತು ಎಂಬುದನ್ನು ಅವರವರೇ ಅಲ್ಲಿ ಬರೆದು ಹೆಸರು ಹಾಕುತ್ತಿದ್ದರು. ಒಬ್ಬ ಗ್ರಾಹಕರಿಗೆ ಎರಡು ಸಲ ಬಿಲ್ ಹೋದದ್ದನ್ನು ಒಮ್ಮೆ ನಾನೇ ಬರೆದಿದ್ದೆ. ಹಳೆಯ ವ್ಯವಸ್ಥಾಪಕರು ಅದನ್ನು ಓದಿ, ಕುರ್ಚಿ ಎಳೆದುಕೊಂಡು ಬಂದು ಕುಳಿತು, ಎಲ್ಲಿ ಎಡವಿದೆವೆಂದು ನನ್ನ ಜೊತೆಯಲ್ಲೇ ಹುಡುಕಿದ್ದರು. ಹೊಸಬರು ಬಂದ ಎರಡನೇ ತಿಂಗಳಲ್ಲಿ ಆ ಹಲಗೆಯ ಫೋಟೊ ಒಬ್ಬ ಸಹೋದ್ಯೋಗಿಯ ಮೌಲ್ಯಮಾಪನದಲ್ಲಿ ಸಾಕ್ಷಿಯಾಗಿ ಕಾಣಿಸಿಕೊಂಡಿತು. ಮರುವಾರದಿಂದ ಹಲಗೆಯ ಮೇಲೆ ಒಂದಕ್ಷರವೂ ಬೀಳಲಿಲ್ಲ. ನಾನು ಅಂದೇ ಬೇರೆ ಕೆಲಸ ಹುಡುಕಲು ತೊಡಗಬೇಕಿತ್ತು.

ಬಳಿಕ ಸಮೀಕ್ಷೆ ಬಂತು. ಹೆಸರು ಬೇಡ, ಮನಸ್ಸು ಬಿಚ್ಚಿ ಬರೆಯಿರಿ ಎಂದರು. ನಂಬಿ ಬರೆದೆ. ತಂಡದಲ್ಲಿದ್ದವರು 5 ಜನ. ವಿಭಾಗ, ವಯಸ್ಸು, ಸೇವಾವಧಿ ತುಂಬಿದರೆ ಬರೆದವರು ಯಾರೆಂದು ತಿಳಿಯುವುದು ಕಷ್ಟವೇ ಅಲ್ಲ. ಕೆಲವು ವಾರಗಳ ನಂತರ ನನ್ನದೇ ಸಾಲನ್ನು ಸಭೆಯಲ್ಲಿ, ನನ್ನ ಮುಖವನ್ನೇ ನೋಡುತ್ತಾ ಓದಿದರು.

ಆಮೇಲೆ ಶ್ರೇಯಾಂಕ ಪದ್ಧತಿ, ಅಂದರೆ ನೌಕರರನ್ನು ಒಬ್ಬರಿಗೊಬ್ಬರು ಹೋಲಿಸಿ ಮೇಲೆ ಕೆಳಗೆ ಎಂದು ಸಾಲಾಗಿ ಇಡುವುದು. ಇದೇನೂ ಹೊಸತಲ್ಲ. 1981ರಿಂದ 2001ರವರೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ನಡೆಸಿದ ಜಾಕ್ ವೆಲ್ಚ್ ಪ್ರಸಿದ್ಧಗೊಳಿಸಿದ 20-70-10ರ ಲೆಕ್ಕ ಇದು: ಮೇಲಿನವರು ಶೇ 20, ನಡುವಿನವರು ಶೇ 70, ಕೊನೆಯ ಶೇ 10ರಷ್ಟು ಜನ ಹೊರಗೆ. ಇಂಥದೇ ಕಡ್ಡಾಯ ಶ್ರೇಯಾಂಕವನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಎಲ್ಲರೂ ಚೆನ್ನಾಗಿ ದುಡಿದರೂ ಯಾರಾದರೂ ಕೊನೆಯವರಾಗಲೇಬೇಕು ಎಂಬುದೇ ಇದರ ಕೇಡು. ನೆರವಿಗೆ ಓಡಿ ಬರುತ್ತಿದ್ದವರು ತಮ್ಮ ಕಡತಗಳನ್ನು ಮುಚ್ಚಿಟ್ಟುಕೊಳ್ಳತೊಡಗಿದರು. ನಾನೂ ಹಾಗೆಯೇ ಮಾಡಿದೆ, ಅದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಆ ಸಲ ಕೊನೆಯವರಲ್ಲಿ ನನ್ನ ಹೆಸರಿತ್ತು. 60 ದಿನಗಳ ಸುಧಾರಣಾ ಯೋಜನೆ ಕೊಟ್ಟರು. ಗುರಿ: 'ಹೊಣೆಗಾರಿಕೆಯ ಮನೋಭಾವ ಬೆಳೆಸಿಕೊಳ್ಳುವುದು'. ಅದನ್ನು ಯಾರು, ಹೇಗೆ ಅಳೆಯುತ್ತಾರೆ ಎಂದು ನಾನು ಕೇಳಲಿಲ್ಲ. 41ನೇ ದಿನ ಒಳಗೆ ಕರೆದರು. ಮೇಜಿನ ಮೇಲೆ ನನ್ನ ರಾಜೀನಾಮೆ ಪತ್ರ ಟೈಪಾಗಿ ಸಿದ್ಧವಿತ್ತು. ಈಗಲೇ ಕೊಟ್ಟರೆ ಒಳ್ಳೆಯ ಅನುಭವ ಪತ್ರ, ಇಲ್ಲವಾದರೆ ವಜಾ ಎಂದು ದಾಖಲಾಗುತ್ತದೆ ಎಂದು ಮಾನವ ಸಂಪನ್ಮೂಲ ವಿಭಾಗದವರು ಮೆಲ್ಲಗೆ ಹೇಳಿದರು. ಪತ್ರದಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಪೆನ್ನು ತೆಗೆದುಕೊಂಡು ಅದನ್ನು ತಿದ್ದಿದೆ, ಕೆಳಗೆ ಸಹಿ ಹಾಕಿದೆ.

ತಾವಾಗಿಯೇ ಬಿಟ್ಟವರಿಗೂ ಕಂಪನಿಯೇ ತೆಗೆದವರಿಗೂ ಸಿಗುವ ಹಕ್ಕು, ಪರಿಹಾರ ಅನೇಕ ದೇಶಗಳಲ್ಲಿ ಬೇರೆ ಬೇರೆ. ಇದು ನನಗೆ ತಿಳಿದದ್ದು ವಕೀಲರ ಮುಂದೆ ಕುಳಿತಾಗ. ಒತ್ತಾಯವಿತ್ತು ಎಂದೆ. ಅವರು ಪತ್ರದಲ್ಲಿ ನಾನು ತಿದ್ದಿದ ಅಕ್ಷರವನ್ನೇ ತೋರಿಸಿ, ಇಷ್ಟು ಗಮನವಿಟ್ಟು ಓದಿ ಸಹಿ ಹಾಕಿದ್ದೀರಲ್ಲ ಎಂದರು.

ಯಾವ ಕಾಗದ ಮುಂದಿಟ್ಟರೂ 'ಪ್ರತಿ ಕೊಡಿ, ಓದಿ ಉತ್ತರಿಸುತ್ತೇನೆ' ಎಂದು ಎದ್ದು ಬನ್ನಿ. ಸುಧಾರಣಾ ಯೋಜನೆ ಕೊಟ್ಟರೆ ಅಳತೆ ಯಾವುದೆಂದು ಇಮೇಲ್‌ನಲ್ಲೇ ಕೇಳಿ. ಬಾಯಿಮಾತಿನ ಸಭೆಯಲ್ಲಿ ಯಾರು ಏನೆಂದರು ಎಂಬುದನ್ನು ಅಂದೇ ನಿಮ್ಮ ಸ್ವಂತ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದಿಡಿ. ಆದರೆ ಕಂಪನಿಯ ಗೋಪ್ಯ ಕಡತಗಳನ್ನು ಸ್ವಂತ ಇಮೇಲ್‌ಗೆ ಕಳುಹಿಸಬೇಡಿ, ಅದೊಂದೇ ನಿಮ್ಮನ್ನು ತೆಗೆಯಲು ಸಾಕಾಗಬಹುದು. ನೇಮಕಾತಿ ಪತ್ರ, ಸಂಬಳದ ಚೀಟಿ, ನಿಮಗೆ ಕೊಟ್ಟ ಮೌಲ್ಯಮಾಪನ ಪತ್ರಗಳ ಪ್ರತಿಯನ್ನು ಮಾತ್ರ ಇಂದೇ ತೆಗೆದಿಟ್ಟುಕೊಳ್ಳಿ. ನಾನು ಸಹಿ ಹಾಕಿ ನನ್ನ ಮೇಜಿಗೆ ಮರಳುವಷ್ಟರಲ್ಲಿ ನನ್ನ ಕಚೇರಿ ಇಮೇಲ್ ಖಾತೆ ಮುಚ್ಚಿತ್ತು. 9 ವರ್ಷಗಳ ಒಳ್ಳೆಯ ಮಾತುಗಳೆಲ್ಲ ಅದರೊಳಗೇ ಉಳಿದವು.